ರ‍್ಯಾಮ್ ತುಟ್ಟಿ, ವಿಂಡೋಸ್ 10 ಬಂದ್: ಹಳೇ ಪಿಸಿಯನ್ನು ಈಗಲೇ ಎಸೆಯಬೇಡಿ

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಹೇಗೋ ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಹಾಗೆ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ನಡೆದರೆ ಸಾಕು, ಕಂಪ್ಯೂಟರಿನ ಸ್ಕ್ರೂನಿಂದ ಹಿಡಿದು ಸರ್ವರ್‌ವರೆಗೆ ಎಲ್ಲವೂ ಅಲ್ಲಿ ಸಿಗುತ್ತದೆ. ಮೊದಲೆಲ್ಲ ಇಲ್ಲಿ ಕೊಟೇಶನ್ ಬರೆಸಿಕೊಂಡು, ಮನೆಗೆ ಬಂದು ನಾಲ್ಕು ಜನರನ್ನು ಕೇಳಿ, ಮುಂದಿನ ಶನಿವಾರ ಹೋಗಿ ಆರಾಮವಾಗಿ ಕೊಳ್ಳಬಹುದಿತ್ತು. ಈಗ ಪ್ರೊಸೆಸರ್, ಬೋರ್ಡ್, ಕ್ಯಾಬಿನೆಟ್ ಎಲ್ಲಕ್ಕೂ ರೇಟು ಬರೆಯುತ್ತಾರೆ. ರ‍್ಯಾಮ್ ಹತ್ತಿರ ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. "ಯೇ ಆಜ್ ಕಾ ರೇಟ್ ಹೈ, ಕಲ್ ಕಾ ಪತಾ ನಹೀ" ಅನ್ನುತ್ತಾರೆ.

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದಲೂ ಒತ್ತಡ ಬಿದ್ದಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ಹಳೇ ಮಷೀನು ಬಿಡಿ ಅಂತ ಸಾಫ್ಟ್‌ವೇರ್ ಕಂಪನಿ ಹೇಳುತ್ತಿದೆ. ಹೊಸದಕ್ಕೆ ಜಾಸ್ತಿ ದುಡ್ಡು ಕೊಡಿ ಅಂತ ಚಿಪ್ ಕಂಪನಿಗಳು ಹೇಳುತ್ತಿವೆ. ಮಧ್ಯೆ ಸಿಕ್ಕಿಕೊಂಡವರು ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಮನೆಗಳಲ್ಲಿ 2016-17ರ ಸುಮಾರಿಗೆ ಜೋಡಿಸಿದ ಪಿಸಿ ಇಟ್ಟುಕೊಂಡ ನಮ್ಮಂಥವರು. ಹೆಚ್ಚಿನವರಿಗೆ ಈಗ ಹೊಸ ಪಿಸಿ ಕೊಳ್ಳುವುದು ನಷ್ಟದ ವ್ಯವಹಾರ ಅಂತಲೇ ನನ್ನ ಲೆಕ್ಕ.

ಮೊದಲು ರ‍್ಯಾಮ್ ಕಥೆ. ರ‍್ಯಾಮ್ ಕಡ್ಡಿಯೊಳಗೆ ಕೂರುವುದು ಡಿರ‍್ಯಾಮ್ ಚಿಪ್ಪು; ಜಗತ್ತಿನ ಡಿರ‍್ಯಾಮ್ ಚಿಪ್ಪುಗಳಲ್ಲಿ ಬಹುಪಾಲು ಮಾಡುವುದು ಮೂರೇ ಕಂಪನಿಗಳು. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಚೀನಾದ ಸಿಎಕ್ಸ್‌ಎಂಟಿ ಬೆಳೆಯುತ್ತಿದೆ, ಆದರೆ ಈ ಮೂವರ ಮುಂದೆ ಇನ್ನೂ ಚಿಕ್ಕದು. ಡಬ್ಬಿಯ ಮೇಲೆ ಕಿಂಗ್‌ಸ್ಟನ್ ಅಂತಿರಲಿ, ಕೋರ್ಸೇರ್ ಅಂತಿರಲಿ, ಒಳಗಿನ ಕಪ್ಪು ಚಿಪ್ಪು ಹೆಚ್ಚಾಗಿ ಇವರದ್ದೇ. ಇವರು ಕೈ ಬಿಗಿ ಮಾಡಿದರೆ ಉಳಿದವರು ಏನೂ ಮಾಡುವಂತಿಲ್ಲ.

ಕೈ ಬಿಗಿಯಾಗಿದ್ದು ಎಐ ದೆಸೆಯಿಂದ. ಚಾಟ್‌ಜಿಪಿಟಿಯಂಥ ಸೇವೆಗಳನ್ನು ನಡೆಸುವ ಡೇಟಾ ಸೆಂಟರ್‌ಗಳಲ್ಲಿ ದೊಡ್ಡ ಎಐ ಚಿಪ್ಪುಗಳ ಪಕ್ಕದಲ್ಲೇ ಎಚ್‌ಬಿಎಂ ಅನ್ನುವ ಮೆಮೊರಿ ಕೂತಿರುತ್ತದೆ. ಡಿರ‍್ಯಾಮ್ ಚಿಪ್ಪುಗಳನ್ನು ಎಂಟೋ ಹನ್ನೆರಡೋ ಪದರ ಪೇರಿಸಿ, ಅವುಗಳ ಮೈಯಲ್ಲೇ ಸಣ್ಣ ಸಣ್ಣ ತೂತು ಕೊರೆದು ಒಂದಕ್ಕೊಂದು ಬೆಸೆದು ಇದನ್ನು ಮಾಡುತ್ತಾರೆ. ಅಷ್ಟೇ ಜಿಬಿ ಮೆಮೊರಿ ಮಾಡಲು ಈಗಿನ ಪಿಸಿಗಳ ರ‍್ಯಾಮ್ ಆದ ಡಿಡಿಆರ್5ಗಿಂತ ಎಚ್‌ಬಿಎಂಗೆ ಸುಮಾರು ಮೂರು ಪಟ್ಟು ಸಿಲಿಕಾನ್ ವೇಫರ್ (ಚಿಪ್ಪುಗಳನ್ನು ಮೂಡಿಸುವ ತೆಳು ಬಿಲ್ಲೆ) ಬೇಕು ಅಂತ ಮೈಕ್ರಾನ್ ಕಂಪನಿಯೇ ಹೇಳಿದೆ. ಹೋಟೆಲಿನ ಕಾವಲಿ ಒಂದೇ; ಮದುವೆ ಮನೆಯ ದೊಡ್ಡ ಆರ್ಡರ್ ಬಂದರೆ ಟೇಬಲ್ಲಿನಲ್ಲಿ ಕೂತವನ ಮಸಾಲೆ ದೋಸೆ ಕಾಯಲೇಬೇಕು. ಇಲ್ಲಿ ಟೇಬಲ್ಲಿನಲ್ಲಿ ಕೂತವರು ನಾವು.

ಆ ಆರ್ಡರ್ ಎಷ್ಟು ದೊಡ್ಡದು ಅಂತೀರಾ? 2025ರ ಅಕ್ಟೋಬರ್ 1ರಂದು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತನ್ನ ಸ್ಟಾರ್‌ಗೇಟ್ ಅನ್ನುವ ಡೇಟಾ ಸೆಂಟರ್ ಯೋಜನೆಗಾಗಿ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್ ಜೊತೆ ಒಪ್ಪಂದದ ಮಾತಾಡಿತು. ತಿಂಗಳಿಗೆ 9 ಲಕ್ಷ ವೇಫರ್‌ವರೆಗೆ ಅನ್ನುವುದು ಅದರಲ್ಲಿದ್ದ ಗುರಿ. ಅಷ್ಟೂ ಕೊಳ್ಳುತ್ತಾರೋ ಬಿಡುತ್ತಾರೋ, ಮಾರುಕಟ್ಟೆ ಬೆಚ್ಚಿ ಬೀಳಲು ಆ ಸಂಖ್ಯೆಯೇ ಸಾಕಾಯಿತು. ವರ್ಷ ಮುಗಿಯುವ ಹೊತ್ತಿಗೆ ಡಿಡಿಆರ್5 ರೇಟು ವರ್ಷದ ಮಧ್ಯದಲ್ಲಿ ಇದ್ದದ್ದರ ಹಲವು ಪಟ್ಟಾಗಿತ್ತು. ಡಿಸೆಂಬರ್ 3ಕ್ಕೆ ಮೈಕ್ರಾನ್ ಇನ್ನೊಂದು ಸುದ್ದಿ ಕೊಟ್ಟಿತು. ಜನರಿಗೆ ನೇರವಾಗಿ ಮಾರುತ್ತಿದ್ದ, 29 ವರ್ಷದ ಕ್ರೂಷಿಯಲ್ ಬ್ರಾಂಡಿನ ವ್ಯಾಪಾರವನ್ನೇ ನಿಲ್ಲಿಸುತ್ತೇವೆ, ದೊಡ್ಡ ಗಿರಾಕಿಗಳ ಕಡೆ ಗಮನ ಕೊಡುತ್ತೇವೆ ಅಂದಿತು. ಇಷ್ಟು ನೇರವಾಗಿ ಹೇಳಿದ್ದಕ್ಕೆ ಮೆಚ್ಚಬೇಕೋ ಬೈಯಬೇಕೋ ಗೊತ್ತಾಗಲಿಲ್ಲ. ಬಜೆಟ್ ಪಿಸಿ ಅಂದರೆ ಕಣ್ಣು ಮುಚ್ಚಿ ಕ್ರೂಷಿಯಲ್ ಹಾಕಿ ಅನ್ನುತ್ತಿದ್ದವರು ನಾವೇ ಅಲ್ವಾ?

ಹಳೇ ಡಿಡಿಆರ್4 ಆದರೂ ಅಗ್ಗವಿರಬಹುದು ಅಂದುಕೊಂಡರೆ ಅದೂ ಇಲ್ಲ. ಕಂಪನಿಗಳು ಅದರ ತಯಾರಿಕೆಯನ್ನೇ ಕಡಿಮೆ ಮಾಡುತ್ತಾ ಬಂದಿದ್ದರಿಂದ 2025ರ ಮಧ್ಯದಲ್ಲೇ ಅದರ ಬೆಲೆ ಏರಿತ್ತು. ಎಸ್‌ಎಸ್‌ಡಿ ಚಿಪ್ಪುಗಳೂ ಅದೇ ದಾರಿ ಹಿಡಿದಿವೆ.

ಇಂಥ ಬೆಲೆ ಏರಿಕೆ ಹೊಸದೇನಲ್ಲ ಅನ್ನುವವರಿದ್ದಾರೆ. ನಿಜ. 2011ರಲ್ಲಿ ಥಾಯ್ಲೆಂಡಿನಲ್ಲಿ ನೆರೆ ಬಂದು ಹಾರ್ಡ್ ಡಿಸ್ಕ್ ತುಟ್ಟಿಯಾಗಿತ್ತು. 2013ರಲ್ಲಿ ಚೀನಾದ ವುಶಿಯಲ್ಲಿ ಹೈನಿಕ್ಸ್ ಕಾರ್ಖಾನೆಗೆ ಬೆಂಕಿ ಬಿದ್ದು ರ‍್ಯಾಮ್ ಏರಿತ್ತು. 2021ರಲ್ಲಿ ಕ್ರಿಪ್ಟೋ ಗಣಿಗಾರಿಕೆಯವರು ಗ್ರಾಫಿಕ್ಸ್ ಕಾರ್ಡ್‌ಗಳನ್ನು ಗುಡಿಸಿಕೊಂಡು ಹೋದರು. 2022ರ ಸೆಪ್ಟೆಂಬರ್‌ನಲ್ಲಿ ಈಥರಿಯಮ್ ಅನ್ನುವ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಬೇಡದ ಪದ್ಧತಿಗೆ ಬದಲಾದ ಮೇಲೆ ಅದೇ ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ರಾಶಿ ಬಿದ್ದವು. ನೆರೆ ಇಳಿಯಿತು, ಬೆಂಕಿ ಆರಿತು, ಹುಚ್ಚು ಬಿಟ್ಟಿತು.

ಈ ಸಲ ಯಾವ ಕಾರ್ಖಾನೆಯೂ ಕೆಟ್ಟಿಲ್ಲ. ಎಲ್ಲವೂ ಭರ್ಜರಿಯಾಗಿ ನಡೆಯುತ್ತಿವೆ. ಮಾಲು ಬೇರೆಯವರ ಮನೆಗೆ ಹೋಗುತ್ತಿದೆ, ಅಷ್ಟೇ. ಹೊಸ ಕಾರ್ಖಾನೆ ಕಟ್ಟಿ ಮೊದಲ ವೇಫರ್ ತೆಗೆಯಲು ವರ್ಷಗಳೇ ಬೇಕು. ಮೈಕ್ರಾನ್ ಅಮೆರಿಕದ ಐಡಾಹೋದಲ್ಲಿ ಕಟ್ಟುತ್ತಿರುವುದರಿಂದ 2027ಕ್ಕೆ ಮೊದಲು ಏನೂ ಹೊರಬರುವುದಿಲ್ಲ. ಅದೂ ಅಲ್ಲದೆ 2023ರಲ್ಲಿ ಮೆಮೊರಿ ಬೆಲೆ ನೆಲ ಕಚ್ಚಿದಾಗ ಈ ಕಂಪನಿಗಳು ದೊಡ್ಡ ನಷ್ಟ ಅನುಭವಿಸಿವೆ. ಆ ಬಿಸಿ ಇನ್ನೂ ಆರಿಲ್ಲ. ಎಐ ಗುಳ್ಳೆ ಒಡೆದರೆ ಅಂತ ಹೆದರಿ ಅವರು ಬೇಕೆಂದೇ ನಿಧಾನ ಮಾಡುತ್ತಾರೆ. ಇದರಲ್ಲಿ ಒಳಸಂಚು ಇದೆಯಾ ಅಂತ ಕೇಳುವವರಿಗೆ ಒಂದು ಹಳೇ ವಿಷಯ: 2005ರಲ್ಲಿ ಸ್ಯಾಮ್‌ಸಂಗ್ ಮತ್ತು ಹೈನಿಕ್ಸ್ ಇಬ್ಬರೂ ಸೇರಿಕೊಂಡು ರ‍್ಯಾಮ್ ಬೆಲೆ ನಿಗದಿ ಮಾಡಿದ್ದನ್ನು ಅಮೆರಿಕದಲ್ಲಿ ಒಪ್ಪಿಕೊಂಡು ದಂಡ ಕಟ್ಟಿದ್ದರು. ಸ್ಯಾಮ್‌ಸಂಗ್ ಕಟ್ಟಿದ್ದು 30 ಕೋಟಿ ಡಾಲರ್. ಈಗಲೂ ಹಾಗೇ ಆಗುತ್ತಿದೆ ಅಂತ ನಾನು ಹೇಳುವುದಿಲ್ಲ. ಸಂಚಿನ ಅಗತ್ಯವೇ ಇಲ್ಲದಷ್ಟು ಬೇಡಿಕೆ ಇದೆ.

ಗುಜರಾತಿನ ಸಾನಂದದಲ್ಲಿ ಮೈಕ್ರಾನ್ ಘಟಕ ಇದೆಯಲ್ಲ, ನಮ್ಮಲ್ಲಿ ಅಗ್ಗವಾಗಬೇಕಲ್ಲ ಅನ್ನುವುದು ಇನ್ನೊಂದು ಪ್ರಶ್ನೆ. ಸಾನಂದದ್ದು ಬೇರೆ ಕಡೆ ತಯಾರಾದ ವೇಫರ್ ತಂದು ಜೋಡಿಸಿ, ಪರೀಕ್ಷೆ ಮಾಡಿ, ಪ್ಯಾಕ್ ಮಾಡುವ ಘಟಕ. ಚಿಪ್ಪು ಹುಟ್ಟುವ ಜಾಗ ಅದಲ್ಲ. ಬೆಲೆ ನಿರ್ಧಾರವಾಗುವುದು ಡಾಲರ್‌ನಲ್ಲಿ. ಆ ಡಾಲರ್ 2025ರ ಡಿಸೆಂಬರ್ ಮೊದಲ ವಾರದಲ್ಲೇ 90 ರೂಪಾಯಿ ದಾಟಿತು. ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆಯಲ್ಲಿ ದೊಡ್ಡ ಟಿವಿ, ಎಸಿಗಳು ಶೇ 28ರಿಂದ 18ಕ್ಕೆ ಬಂದವು. ಕಂಪ್ಯೂಟರ್, ಮೊಬೈಲ್ ಮೊದಲೇ 18ರಲ್ಲಿದ್ದವು, ಅಲ್ಲೇ ಉಳಿದವು.

ಈಗ ವಿಂಡೋಸ್ ಕಡೆ ಬರೋಣ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಪಾಡುವ ಭದ್ರತಾ ಚಿಪ್ಪು), ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಓಡಲು ಬಿಡುವ ವ್ಯವಸ್ಥೆ), ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನಲ್ಲಿ ಎಂಟನೇ ಜನರೇಷನ್ನಿನಿಂದ, ಎಎಂಡಿಯಲ್ಲಿ ರೈಜನ್ 2000ದಿಂದ ಈಚೆಗಿನವು. ಸುರಕ್ಷತೆಗಾಗಿ ಈ ನಿಯಮ ಅಂತ ಕಂಪನಿಯ ವಾದ. ಟಿಪಿಎಂ ಮಟ್ಟಿಗೆ ಆ ವಾದದಲ್ಲಿ ತಿರುಳಿದೆ. ಆದರೆ ಪ್ರೊಸೆಸರ್ ಪಟ್ಟಿ ನೋಡಿದರೆ ನಗು ಬರುತ್ತದೆ. 2017ರಲ್ಲಿ ಜನ ಹೊಟ್ಟೆ ಕಟ್ಟಿ ದುಡ್ಡು ಕೂಡಿಸಿ ಕೊಂಡ ಐ7-7700ಕೆ ಫೇಲ್. ನಾಲ್ಕು ಕೋರು, ಎಂಟು ಥ್ರೆಡ್ಡು, ಇವತ್ತಿಗೂ ಓಡುವ ಕುದುರೆ ಅದು. ಎರಡೇ ಕೋರಿನ, ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುವ ಸೆಲೆರಾನ್ ಎನ್4000 ಪಾಸ್! ಏಳನೇ ಜನರೇಷನ್ನಿನ ಐ7-7820ಎಚ್‌ಕ್ಯೂಗೂ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಅದು ಮೈಕ್ರೋಸಾಫ್ಟ್ ಸ್ವಂತ ತಯಾರಿಸಿದ ಸರ್ಫೇಸ್ ಸ್ಟುಡಿಯೋ 2ರಲ್ಲಿ ಇದ್ದ ಪ್ರೊಸೆಸರ್ ಅನ್ನುವುದನ್ನು ಗಮನಿಸಿ.

ಅದೇ 2025ರ ಅಕ್ಟೋಬರ್‌ಗೆ ಗೇಮರ್‌ಗಳಿಗೆ ಇನ್ನೊಂದು ಏಟು ಬಿತ್ತು. ಜಿಟಿಎಕ್ಸ್ 1060, 1050 ಟಿಐ ಗ್ರಾಫಿಕ್ಸ್ ಕಾರ್ಡ್‌ಗಳಿರುವ ಪ್ಯಾಸ್ಕಲ್ ಪೀಳಿಗೆಗೆ ಎನ್‌ವಿಡಿಯಾ ಹೊಸ ಗೇಮ್‌ಗಳ ಡ್ರೈವರ್ ನಿಲ್ಲಿಸುತ್ತೇವೆ ಅಂದಿತು. ಇನ್ನು ಮೂರು ತಿಂಗಳಿಗೊಮ್ಮೆ ಸುರಕ್ಷತಾ ಅಪ್‌ಡೇಟ್ ಮಾತ್ರ, ಅದೂ 2028ರ ಅಕ್ಟೋಬರ್‌ವರೆಗೆ. ಐ5-7400 ಪ್ರೊಸೆಸರ್, ಜಿಟಿಎಕ್ಸ್ 1060, ವಿಂಡೋಸ್ 10: ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಕಾಲಕ್ಕೆ ಮಧ್ಯಮ ಬಜೆಟ್ಟಿನ ಗೇಮಿಂಗ್ ಪಿಸಿ ಅಂದರೆ ಇಂಥದ್ದೇ ಕಾಂಬಿನೇಷನ್. ಒಂದೇ ತಿಂಗಳಲ್ಲಿ ಮೂರಕ್ಕೂ ವಯಸ್ಸಾಯಿತು ಅಂತ ಸರ್ಟಿಫಿಕೇಟ್ ಬಂತು. ಹಿಂದಿನ ದಿನದವರೆಗೆ ಹೇಗೆ ಓಡುತ್ತಿತ್ತೋ ಮಾರನೇ ದಿನವೂ ಹಾಗೇ ಓಡುತ್ತಿತ್ತು ಅನ್ನುವುದು ಬೇರೆ ಮಾತು.

ಹಾಗಾದರೆ ಏನು ಮಾಡೋದು? ಅವಸರ ಬೇಡ. ವಿಂಡೋಸ್ 10ಕ್ಕೆ ಮನೆ ಬಳಕೆದಾರರಿಗೂ ಒಂದು ವರ್ಷದ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಘೋಷಣೆಯಾಗಿದೆ. ಅದು 2026ರ ಅಕ್ಟೋಬರ್ 13ರವರೆಗೆ. 30 ಡಾಲರ್ ಕೊಟ್ಟು ಪಡೆಯಬಹುದು, ಇಲ್ಲವೇ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿ ಪುಕ್ಕಟೆ ಪಡೆಯಬಹುದು. ಮೈಕ್ರೋಸಾಫ್ಟ್ ಅಕೌಂಟ್ ಮಾತ್ರ ಬೇಕೇ ಬೇಕು. ಪುಕ್ಕಟೆಗೆ ಸಿಗುವುದಕ್ಕೆ ದುಡ್ಡು ಯಾಕೆ ಕೊಡಬೇಕು? ಬ್ಯಾಕಪ್ ಆನ್ ಮಾಡಿ, ಅಪ್‌ಡೇಟ್ ಪುಟದಲ್ಲಿ ಹೆಸರು ನೋಂದಾಯಿಸಿ, ಸಾಕು.

ಆಮೇಲಿನದ್ದಕ್ಕೆ ವಿಂಡೋಸ್ 7ರ ಉದಾಹರಣೆ ನೋಡಬೇಕು. ಅದಕ್ಕೆ 2020ರ ಜನವರಿಯಲ್ಲಿ ಬೆಂಬಲ ನಿಂತಿತು. ಕ್ರೋಮ್ ಬ್ರೌಸರ್ ಅದನ್ನು ಕೈಬಿಟ್ಟಿದ್ದು 2023ರ ಆರಂಭದಲ್ಲಿ. ಪಿಸಿ ಗೇಮ್ ಮಾರುವ ಸ್ಟೀಮ್ ಕೈಬಿಟ್ಟಿದ್ದು 2024ರ ಜನವರಿ 1ಕ್ಕೆ, ಅದೂ ಕ್ರೋಮ್‌ನ ಭಾಗಗಳು ತನ್ನೊಳಗೆ ಇವೆ ಅನ್ನುವ ಕಾರಣಕ್ಕೆ. ಒಂದು ವಿಂಡೋಸ್ ನಿಜವಾಗಿ ಸಾಯುವುದು ಮೈಕ್ರೋಸಾಫ್ಟ್ ಹೇಳಿದ ದಿನ ಅಲ್ಲ, ಬ್ರೌಸರ್ ಕೈಬಿಟ್ಟ ದಿನ. ವಿಂಡೋಸ್ 10ರಲ್ಲಿ ಎಡ್ಜ್ ಬ್ರೌಸರ್ ಕನಿಷ್ಠ 2028ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಆಗುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಗೇಮ್ ಆಡಲಿಕ್ಕೆ, ಸಿನಿಮಾ ನೋಡಲಿಕ್ಕೆ ಅಷ್ಟು ಕಾಲ ತೊಂದರೆಯಿಲ್ಲ. ಬ್ಯಾಂಕು, ಡಿಮ್ಯಾಟ್, ಆಫೀಸ್ ಕೆಲಸ ಮಾಡುವವರು ಮಾತ್ರ ಹೆಚ್ಚುವರಿ ಅಪ್‌ಡೇಟ್ ಮುಗಿದ ಮೇಲೆ ಅದರಲ್ಲೇ ಕೂರಬಾರದು. ವಿಂಡೋಸ್ಸಿನ ಒಳಗೇ ತೂತು ಕಂಡರೆ ಬ್ರೌಸರ್ ಎಷ್ಟು ಹೊಸದಿದ್ದರೂ ಕಾಯುವುದಿಲ್ಲ.

ಪಟ್ಟಿಯಲ್ಲಿಲ್ಲದ ಮಷೀನಿಗೂ ವಿಂಡೋಸ್ 11 ಹಾಕಿಕೊಡುವ ಅಂಗಡಿಗಳು ಬೇಕಾದಷ್ಟಿವೆ. ರೂಫಸ್ ಅನ್ನುವ ಪುಟ್ಟ ಸಾಫ್ಟ್‌ವೇರ್‌ನಲ್ಲಿ ಆ ತಪಾಸಣೆ ತೆಗೆದು ಪೆನ್ ಡ್ರೈವ್ ಮಾಡುತ್ತಾರೆ. ಏಳನೇ ಜನರೇಷನ್ನಿನಲ್ಲಿ ಚೆನ್ನಾಗೇ ನಡೆಯುತ್ತದೆ. ಆದರೆ ಇಂಥ ಮಷೀನಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಕೈಯಿಂದಲೇ ಹಾಕಬೇಕಾಗುತ್ತದೆ. ಇದು ಗೊತ್ತಿದ್ದು ಮಾಡಿಸಿಕೊಂಡರೆ ಸರಿ. ಗಿರಾಕಿಗೆ ಒಂದು ಮಾತೂ ಹೇಳದೆ ಹಾಕಿ ಕಳಿಸುತ್ತಾರಲ್ಲ, ಅದು ಸರಿಯಲ್ಲ.

ನನ್ನ ಒಲವು ಲಿನಕ್ಸ್ ಕಡೆ, ಅಂದರೆ ವಿಂಡೋಸ್ ಬದಲಿಗೆ ಪುಕ್ಕಟೆ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್ ಕಡೆ. 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇರುವ ಏಳೆಂಟು ವರ್ಷದ ಮಷೀನಿನಲ್ಲಿ ಅದರ ಒಂದು ರೂಪವಾದ ಲಿನಕ್ಸ್ ಮಿಂಟ್ ಸಲೀಸಾಗಿ ನಡೆಯುತ್ತದೆ. ಇನ್ನೊಂದು ರೂಪವಾದ ಜೋರಿನ್ ಓಎಸ್‌ನವರಂತೂ ತಮ್ಮ 18ನೇ ಆವೃತ್ತಿಯನ್ನು ವಿಂಡೋಸ್ 10ರ ಬೆಂಬಲ ನಿಂತ ದಿನವೇ ಬಿಟ್ಟರು, ಬೇಕೆಂದೇ! ಕನ್ನಡ ಟೈಪಿಂಗ್ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಲಿನಕ್ಸ್‌ನ ಟೈಪಿಂಗ್ ಸಾಫ್ಟ್‌ವೇರ್ ಆದ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಬೋರ್ಡ್ ವಿನ್ಯಾಸವೇ ಸಿಗುತ್ತದೆ. ನುಡಿ ಸಾಫ್ಟ್‌ವೇರ್‌ನಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ.

ಆದರೆ ಎಲ್ಲರಿಗೂ ಲಿನಕ್ಸ್ ಹೇಳುವ ಹಾಗಿಲ್ಲ. ಮುಂಬೈ ಕನ್ನಡಿಗರ ಮಟ್ಟಿಗೆ ಎರಡು ಕಡೆ ಅದು ನಿಂತು ಬಿಡುತ್ತದೆ. ಒಂದು, ಹೋಟೆಲ್ ಲೆಕ್ಕ. ಅನೇಕ ಹೋಟೆಲುಗಳ ಲೆಕ್ಕ ಟ್ಯಾಲಿಯಲ್ಲಿದೆ. ಟ್ಯಾಲಿ ವಿಂಡೋಸ್‌ಗೆ ಮಾಡಿದ್ದು. ಡಿಜಿಟಲ್ ಸಹಿಯ ಡಾಂಗಲ್ ಚುಚ್ಚಿ ರಿಟರ್ನ್ ಸಲ್ಲಿಸುವ ಕೆಲಸವೂ ಲಿನಕ್ಸ್‌ನಲ್ಲಿ ತಲೆನೋವು. ಗಲ್ಲೆಯ ಪಕ್ಕದ ಆ ಕಂಪ್ಯೂಟರ್ ವ್ಯಾಪಾರದ ಜೀವಾಳ. ಅದನ್ನು ಹೊಸದು ಮಾಡುವುದೇ ಸರಿ, ಆ ಖರ್ಚಿಗೆ ಅಳಬಾರದು. ಇನ್ನೊಂದು, ಸಂಘ ಸಂಸ್ಥೆಗಳ ಪತ್ರಿಕೆ, ಆಮಂತ್ರಣ, ಸ್ಮರಣ ಸಂಚಿಕೆ ಮಾಡಿಕೊಡುವ ಡಿಟಿಪಿಯವರು. ಅವರ ಹತ್ತಿಪ್ಪತ್ತು ವರ್ಷದ ಫೈಲುಗಳು ಪೇಜ್‌ಮೇಕರ್ ಅನ್ನುವ ಹಳೇ ಪುಟ ಕಟ್ಟುವ ಸಾಫ್ಟ್‌ವೇರ್‌ನಲ್ಲಿ, ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ಗಳಲ್ಲಿ ಇರುತ್ತವೆ. ಅದನ್ನು ಬೇರೆಡೆ ತೆರೆದರೆ ಒತ್ತಕ್ಷರ ಎಲ್ಲಿಗೋ ಹಾರಿ, ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಇಂಥವರಿಗೆ ನನ್ನ ಸಲಹೆ: ಆ ಮಷೀನಿನ ಇಂಟರ್ನೆಟ್ ತೆಗೆದುಬಿಡಿ. ವಿಂಡೋಸ್ 10 ಇರಲಿ, 7 ಇರಲಿ, ಪುಟ ಕಟ್ಟಲಿಕ್ಕೆ ಮಾತ್ರ ಇಟ್ಟುಕೊಳ್ಳಿ. ಪಿಡಿಎಫ್ ಮಾಡಿ ಪೆನ್ ಡ್ರೈವ್‌ನಲ್ಲಿ ಬೇರೆ ಕಂಪ್ಯೂಟರಿಗೆ ಒಯ್ದು ಪ್ರೆಸ್ಸಿಗೆ ಕಳಿಸಿ.

ಗೇಮಿಂಗ್‌ನಲ್ಲಿ ಲಿನಕ್ಸ್ ಎಷ್ಟು ಮುಂದೆ ಬಂದಿದೆ ಅನ್ನುವುದು ಅನೇಕರಿಗೆ ಗೊತ್ತಿಲ್ಲ. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಅನ್ನು ವಾಲ್ವ್ ಕಂಪನಿ 2018ರಲ್ಲಿ ತಂದಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಇದರ ಮೇಲೆಯೇ ನಿಂತಿದೆ. ಒಬ್ಬರೇ ಕೂತು ಕಥೆ ಆಡುವ ಗೇಮ್‌ಗಳಲ್ಲಿ ಹೆಚ್ಚಿನವು ಓಡುತ್ತವೆ. ಓಡದೇ ಇರುವುದು ಸ್ನೇಹಿತರ ಗ್ಯಾಂಗ್ ಆಡುವಂಥವು. ವ್ಯಾಲರಂಟ್, ಬ್ಯಾಟಲ್‌ಫೀಲ್ಡ್ 6 ಇವುಗಳ ಮೋಸ ತಡೆಯುವ ಸಾಫ್ಟ್‌ವೇರ್ ವಿಂಡೋಸ್‌ನ ಆಳಕ್ಕೇ ಇಳಿದು ಕೂರುತ್ತದೆ. ಲಿನಕ್ಸ್ ಬೇಡ ಅನ್ನುತ್ತದೆ, ಸೆಕ್ಯೂರ್ ಬೂಟ್ ಕೇಳುತ್ತದೆ. ಮನೆಯಲ್ಲಿ ಹುಡುಗರು ಏನು ಆಡುತ್ತಾರೆ ಅಂತ ಕೇಳಿಕೊಂಡೇ ಮುಂದುವರಿಯಿರಿ. ಸುಮ್ನೆ ಲಿನಕ್ಸ್ ಹಾಕಿ ಬೈಸಿಕೊಳ್ಳಬೇಡಿ. ಹಳೇ ಕಾರ್ಡ್ ವಿಚಾರಕ್ಕೆ ಬಂದರೆ, ಲಿನಕ್ಸ್‌ನಲ್ಲಿ ಜಿಟಿಎಕ್ಸ್ 1060ಗಿಂತ ಅದೇ ಕಾಲದ ಎಎಂಡಿ ಆರ್‌ಎಕ್ಸ್ 580 ಮೇಲು. ಎಎಂಡಿಯ ಡ್ರೈವರ್ ಓಪನ್ ಸೋರ್ಸ್ (ಯಾರು ಬೇಕಾದರೂ ತಿದ್ದಿ ಮುಂದುವರಿಸಬಹುದಾದದ್ದು) ಆದ್ದರಿಂದ ಅದಕ್ಕೆ ಕಂಪನಿ ಹೇಳಿದ ದಿನವೇ ಸಾಯುವ ಕರ್ಮ ಇಲ್ಲ.

ಹೊಸದು ಕೊಳ್ಳಿ ಅನ್ನುವ ಜಾಹೀರಾತುಗಳಲ್ಲಿ ಈಗ ಎಐ ಪಿಸಿಯದ್ದೇ ಅಬ್ಬರ. ಮೈಕ್ರೋಸಾಫ್ಟ್ 2024ರ ಮೇ ತಿಂಗಳಲ್ಲಿ ತಂದ ಕೋಪೈಲಟ್ ಪ್ಲಸ್ ಲೇಬಲ್‌ಗೆ ಕನಿಷ್ಠ 16 ಜಿಬಿ ರ‍್ಯಾಮ್ ಇರಲೇಬೇಕು. ಎಐಗಾಗಿ ರ‍್ಯಾಮ್ ತುಟ್ಟಿಯಾಯಿತು, ಎಐ ಬೇಕಾದರೆ ಜಾಸ್ತಿ ರ‍್ಯಾಮ್ ಕೊಳ್ಳಿ! ನಾವು ದಿನಾ ಬಳಸುವ ಎಐ ನಡೆಯುವುದು ದೂರದ ಡೇಟಾ ಸೆಂಟರ್‌ನಲ್ಲಿ. ಅದಕ್ಕೆ ನಮ್ಮ ಕಡೆ ಬೇಕಾಗಿರುವುದು ಒಂದು ಬ್ರೌಸರ್ ಅಷ್ಟೇ. ವಿಡಿಯೋ ಕಾಲ್‌ನಲ್ಲಿ ಹಿನ್ನೆಲೆ ಮಸುಕು ಮಾಡಲು, ಫೋಟೋ ತಿದ್ದಲು ಇಂಥ ಪಿಸಿಯೊಳಗಿನ ಎನ್‌ಪಿಯು ಅನ್ನುವ ಎಐ ಭಾಗ ಸ್ವಲ್ಪ ಕೆಲಸಕ್ಕೆ ಬರುತ್ತದೆ. ಅಷ್ಟಕ್ಕೆ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕು ಅಂತ ನನಗನ್ನಿಸಿಲ್ಲ.

ಕೊಳ್ಳಲೇಬೇಕಾದವರು ಇರುತ್ತಾರೆ. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿರುತ್ತದೆ, ಇಲ್ಲವೇ ಹಳೇದರ ಬೋರ್ಡೇ ಸುಟ್ಟಿರುತ್ತದೆ. ಅಂಥವರು ಒಂದೇ ಒಂದು ಪ್ರಶ್ನೆ ಜೋರಾಗಿ ಕೇಳಿ: ರ‍್ಯಾಮ್‌ಗೆ ಸ್ಲಾಟ್ ಇದೆಯಾ, ಬೋರ್ಡಿಗೇ ಬೆಸೆದಿದ್ದಾರಾ? ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಬೆಸೆದಿರುತ್ತಾರೆ. ಬೆಸೆದ 8 ಜಿಬಿ ಕೊಂಡರೆ ಅದು ಸಾಯುವವರೆಗೂ 8 ಜಿಬಿಯೇ. ಸ್ಲಾಟ್ ಇದ್ದರೆ ಈಗ 8ರಲ್ಲೇ ತಗೊಂಡು, ಬೆಲೆ ಇಳಿದ ಮೇಲೆ ಇನ್ನೊಂದು ಕಡ್ಡಿ ಸೇರಿಸಬಹುದು. ಎಂಟನೇ ಜನರೇಷನ್ ಅಥವಾ ಅದರ ಈಚಿನ, ಕಂಪನಿಗಳು ಲೀಸ್ ಮುಗಿದು ವಾಪಸ್ ಕೊಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್‌ಗಳನ್ನೂ ನೋಡಿ. ಸ್ಲಾಟ್ ಇರುವ ಮಾಡೆಲ್ಲುಗಳು ಅವುಗಳಲ್ಲಿ ಸುಲಭವಾಗಿ ಸಿಗುತ್ತವೆ, ರಾಶಿ ಮಾಲು ಇರುವುದರಿಂದ ಚೌಕಾಸಿಗೂ ಜಾಗ ಇದೆ.

ಇರುವುದನ್ನೇ ಮುಂದುವರಿಸುವವರು ಮೊದಲು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ. ಬೆಲೆ ಏರಿದ್ದರೂ ಇಷ್ಟು ಫಲ ಕೊಡುವ ಖರ್ಚು ಇನ್ನೊಂದಿಲ್ಲ. ಮಳೆಗಾಲದಲ್ಲಿ ಕಂಪ್ಯೂಟರ್ ಆನ್ ಆಗದೆ ಬೀಪ್ ಬೀಪ್ ಅಂದರೆ ರ‍್ಯಾಮ್ ಹೋಯಿತು ಅಂತ ತಕ್ಷಣ ಅಂಗಡಿಗೆ ಓಡಬೇಡಿ. ಮುಂಬೈಯ ತೇವಕ್ಕೆ ಕಡ್ಡಿಯ ಅಂಚಿನ ಚಿನ್ನದ ಪಟ್ಟಿಗಳ ಮೇಲೆ ಕೊಳೆ ಕೂರುತ್ತದೆ. ಕರೆಂಟು ಪೂರ್ತಿ ತೆಗೆದು, ಕಡ್ಡಿ ಬಿಚ್ಚಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಪಟ್ಟಿಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ, ಸ್ಲಾಟಿಗೆ ಟಕ್ ಅನ್ನುವವರೆಗೆ ಒತ್ತಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಈಗಿನ ರೇಟಿನಲ್ಲಿ ಎರಡು ರೂಪಾಯಿಯ ರಬ್ಬರಿಗೆ ಇದಕ್ಕಿಂತ ಒಳ್ಳೆ ಕೆಲಸ ಸಿಗಲಿಕ್ಕಿಲ್ಲ.

ಸೆಕೆಂಡ್ ಹ್ಯಾಂಡ್ ರ‍್ಯಾಮ್ ಕೊಳ್ಳುವುದಾದರೆ ಬೋರ್ಡಿಗೆ ಡಿಡಿಆರ್3 ಬೇಕೋ ಡಿಡಿಆರ್4 ಬೇಕೋ ಅಂತ ಹಳೇ ಕಡ್ಡಿ ಜೇಬಲ್ಲಿಟ್ಟುಕೊಂಡೇ ಹೋಗಿ. ಸ್ಟಿಕ್ಕರ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಂಟಿಸಬಹುದು. ಮನೆಗೆ ತಂದ ರಾತ್ರಿಯೇ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಸಾಫ್ಟ್‌ವೇರ್ ಹಚ್ಚಿ ಬಿಡಿ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ಅದನ್ನು ವಾಪಸ್ ಮಾಡಬೇಕು. ಆಗ ತೋರಿಸಲು ತಾರೀಕು ಹಾಕಿದ ಬಿಲ್ಲು ಬೇಕು. ಕೊಳ್ಳುವಾಗಲೇ ಕೇಳಿ ಇಸ್ಕೊಳ್ಳಿ; ಬಿಲ್ ಕೊಡಲ್ಲ ಅನ್ನುವ ಅಂಗಡಿಯಲ್ಲಿ ಎಷ್ಟು ಅಗ್ಗ ಇದ್ದರೂ ತಗೊಳ್ಳಬೇಡಿ.